ಬಾಬಾಜಾನ್ ಸರ್ ಎದುರು ವಾದಿಸಿದ ಭಾನುವಾರ

ಶಾಸಕರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟು ರೆಸಾರ್ಟ್ ಸೇರುತ್ತಿದ್ದ ವರ್ಷ ಅದು. ನಾನಾಗ ಶಿಗ್ಗಾಂವದ ಕಾಲೇಜೊಂದರಲ್ಲಿ ಕಾನೂನು ಪ್ರಾಧ್ಯಾಪಕಿ. ಪಕ್ಷಾಂತರ ನಿಷೇಧ ಕಾನೂನು, ಅಂದರೆ ಟಿಕೆಟ್ ಕೊಟ್ಟು ಗೆಲ್ಲಿಸಿದ ಪಕ್ಷಕ್ಕೆ ಕೈಕೊಟ್ಟವರ ಶಾಸಕ ಸ್ಥಾನ ಕಳೆಯುವ ನಿಯಮ, ನನ್ನ ಸಂಶೋಧನೆಯ ವಿಷಯ. ಅಲ್ಲಿಯವರೆಗೆ ಅದನ್ನು ಯಾರೂ ಮೂಸಿಯೂ ನೋಡಿರಲಿಲ್ಲ. ಈಗ ನೋಡಿ, ಏಕಾಏಕಿ ಬೇಡಿಕೆ!

ಒಂದು ಮಧ್ಯಾಹ್ನ ಬೆಂಗಳೂರಿನಿಂದ ಆ ಶಾಸಕರ ಕಡೆಯವರ ಫೋನ್ ಬಂತು. ರಾಜೀನಾಮೆ ಕೊಟ್ಟವರನ್ನು ಅನರ್ಹಗೊಳಿಸಲು ಬರುವುದಿಲ್ಲವೆಂದು ನಾನು ಲಿಖಿತ ಅಭಿಪ್ರಾಯ ಕೊಡಬೇಕು; ಸರ್ಕಾರ ಬದಲಾದ ಮೇಲೆ ಒಂದು ಸಂಶೋಧನಾ ಸಂಸ್ಥೆಯ ನಿರ್ದೇಶಕಿಯ ಕುರ್ಚಿ ನನ್ನದು. ಹಂಸಭಾವಿಯಲ್ಲಿ ಕೂಲಿ ಮಾಡಿ ಓದಿಸಿದ ಅವ್ವನ ಮಗಳು ನಾನು. ಆಸೆಯಾಯಿತು, ಬಹಳ ಆಸೆಯಾಯಿತು. ಹೇಳಿಕೊಳ್ಳಲು ನಾಚಿಕೆ ಯಾಕೆ?

ನಮ್ಮ ವಿಭಾಗದಲ್ಲೊಂದು ರೂಢಿಯಿತ್ತು. ಒಬ್ಬರು ಅಭಿಪ್ರಾಯ ಬರೆದರೆ ಇನ್ನೊಬ್ಬರು, ತಮ್ಮ ಮನಸ್ಸಿನಲ್ಲಿ ಏನೇ ಇರಲಿ, ಅದರ ಎದುರು ವಾದಿಸಬೇಕು. ನಿಮ್ಮ ಸ್ವಂತ ನಿಲುವು ಯಾವುದೆಂದು ಕೇಳುವ ಹಾಗಿಲ್ಲ. ನನ್ನ ಪಾಲಿಗೆ ಆ ಇನ್ನೊಬ್ಬರು ಸವಣೂರಿನ ಬಾಬಾಜಾನ್ ಸರ್, ನನ್ನ ಸಹೋದ್ಯೋಗಿ, ಜೀವದ ಗೆಳೆಯ.

ಭಾನುವಾರ ಅವರ ಮನೆಗೆ ಹೋಗಿ, ಫೋನಿನಲ್ಲಿ ಕೇಳಿದ ಹಾಗೆಯೇ ಬರೆದಿದ್ದ ಕರಡು ಓದಿ ಹೇಳಿದೆ. ಅವರ ಹೆಂಡತಿ ಮೆಹರುನ್ನಿಸಾ ಚುರುಮುರಿ, ಖಾರಾ ತಂದಿಟ್ಟರು. ಸರ್ ಮುಟ್ಟಲಿಲ್ಲ.

"ಮೇಡಂ, ರಾಜೀನಾಮೆ ಕೊಡೂಕಿಂತ ಮೊದಲ ಅವ್ರು ಪಕ್ಷಕ್ಕ ಕೈಕೊಟ್ಟಾರಲ್ರಿ? ಆಮ್ಯಾಲ ಚೀಟಿ ಬರದ ಕೊಟ್ರ ಆ ತಪ್ಪು ಮಾಯ ಆಗ್ತೈತೇನ್ರಿ?"

"ಅಂದ್ರ ಆ ಕುರ್ಚಿ ನನಗ ಬ್ಯಾಡ ಅಂತೀರೇನ್ರಿ ಸರ?"

"ಕುರ್ಚಿ ಸುದ್ದಿ ಯಾಕ ತೆಗ್ಯಾಕತ್ತೀರಿ? ವಾದಕ್ಕ ಉತ್ತರ ಕೊಡ್ರಿ."

ಸಂಜೆಯವರೆಗೆ ಜಗಳಾಡಿದೆ. ಮೈಯೆಲ್ಲ ಉರಿಯಿತು, ಉತ್ತರ ಮಾತ್ರ ಸಿಗಲಿಲ್ಲ. ಮರುದಿನ ಅವರ ವಾದವನ್ನೇ ಒಪ್ಪಿ, ಅನರ್ಹಗೊಳಿಸಲು ಬರುತ್ತದೆಂದು ಬರೆದು ಕಳಿಸಿದೆ. ಮತ್ತೆ ಫೋನ್ ಬರಲಿಲ್ಲ. ಕುರ್ಚಿಯಲ್ಲಿ ಬೇರೆ ಯಾರೋ ಕುಳಿತರು. ನಾನು ಮೇಲೆ ಹೋಗುವುದು ಸರ್‌ಗೇ ಬೇಡವಾಗಿತ್ತೇನೋ ಎಂಬ ಅನುಮಾನ ಒಳಗೊಳಗೇ ಕೊರೆಯುತ್ತಿತ್ತು. ರೂಢಿ ರೂಢಿಯೇ, ಕೇಳಲಿಲ್ಲ.

ಕಳೆದ ವರ್ಷ ಸರ್ ತೀರಿಕೊಂಡರು. ಮಾತಾಡಿಸಲು ಹೋದಾಗ ಮೆಹರುನ್ನಿಸಾ ನನ್ನ ಕೈ ಹಿಡಿದುಕೊಂಡರು.

"ಅಕ್ಕಾರ, ನೀವು ಡೈರೆಕ್ಟರ್ ಆಗ್ಬೇಕಂತ ಅವ್ರಿಗೆ ನಿಮಗಿಂತ ಜಾಸ್ತಿ ಆಸೆ ಇತ್ರಿ. ಆವತ್ತ ನೀವು ಹೋದಮ್ಯಾಲ ಊಟಾನ ಮಾಡಲಿಲ್ಲ. 'ಮೇಡಂ ಒಂದ ಉತ್ತರ ಕೊಟ್ಟಿದ್ರ ಸಾಕಿತ್ತು, ನಾ ಖುಷೀಲೆ ಸೋಲ್ತಿದ್ದೆ' ಅಂದ್ರು."

ನಮ್ಮ ಒಳ್ಳೆಯದನ್ನು ಅಷ್ಟು ಬಯಸಿಯೂ ನಮ್ಮೆದುರು ಪ್ರಾಮಾಣಿಕವಾಗಿ ವಾದಿಸುವವರು ಸಿಗುವುದು ಪುಣ್ಯ. ಈ ವೃತ್ತಿ ನನಗೆ ಕಲಿಸಿದ್ದು ಅದನ್ನೇ, ಅದೂ ತಡವಾಗಿ. ಈಗ ನಾನು ಏನು ಬರೆದರೂ ಎಲ್ಲರೂ ಹೂಂ ಅನ್ನುತ್ತಾರೆ. ಭಾನುವಾರ ಬಂತೆಂದರೆ ಜೀವ ಚಡಪಡಿಸುತ್ತದೆ. ಸರ, ಒಂದ್ಸಲ ಬಂದು ಜಗಳಾ ಮಾಡಿ ಹೋಗ್ರಿ.