ಹಿಂದಿನ ಓಣಿಯ ಉದಕ

ಮೊನ್ನೆ ಸಂಜೆ ಪಕ್ಕದ ಬಾಡಿಗೆ ಮನೆಗೆ ಹೊಸದಾಗಿ ಬಂದವರು ಗ್ಯಾಸಿನ ಉರಿಯ ಮೇಲೆ ಹಸಿಮೆಣಸಿನಕಾಯಿ ಸುಡುತ್ತಿದ್ದರು. ಘಾಟು ನಮ್ಮ ಅಡಿಗೆಮನೆಯ ಕಿಟಕಿಯಿಂದ ಒಳಗೆ ನುಗ್ಗಿತು, ಅದರ ಬೆನ್ನಿಗೇ ಜಜ್ಜಿದ ಬೆಳ್ಳುಳ್ಳಿಯ ವಾಸನೆ. ಕೆಮ್ಮು ಬಂದದ್ದು ಆಮೇಲೆ. ಮೊದಲು ಬಂದದ್ದು ಹೊಟ್ಟೆಕಿಚ್ಚು... ಇಷ್ಟು ವರ್ಷವಾದ ಮೇಲೂ.

ಹಿಂದಿನ ಓಣಿಯ ಅತ್ತೆ ನನ್ನ ಗಂಡನ ಮೊದಲ ಹೆಂಡತಿಯ ತಾಯಿ. ಆ ಮಗಳು ಕಾಮಾಲೆಯಾಗಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಅದಾದ ಎಷ್ಟೋ ದಿನದ ಮೇಲೆ ಇವರು ನಮ್ಮೂರು ಹರಿಯಬ್ಬೆಗೆ ಬಂದು ನನ್ನನ್ನು ಮದುವೆಯಾದರು. ನಾನೂ ಮದುವೆಯ ವಯಸ್ಸು ದಾಟಿದವಳೇ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು ಅಣ್ಣ ಅತ್ತಿಗೆಯ ನೆರಳಲ್ಲಿ ಬೆಳೆದಿದ್ದೆ. ಹೊಳಲ್ಕೆರೆಯಲ್ಲಿ ಇವರದು ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ. ಮನೆ ಚಿಕ್ಕದು. ಆದರೂ ನನ್ನದೇ ಒಲೆ, ನನ್ನದೇ ಪಾತ್ರೆ ಎಂಬ ಖುಷಿ ನನಗೆ.

ಆ ಖುಷಿ ಒಂದು ವಾರವೂ ಉಳಿಯಲಿಲ್ಲ. ಒಂದು ಸಂಜೆ ಅತ್ತೆ ಸ್ಟೀಲಿನ ಡಬ್ಬಿ ಹಿಡಿದು ಬಾಗಿಲಿಗೆ ಬಂದರು. "ಒಂಚೂರು ಉದ್ಕ ಮಾಡಿದ್ದೆ ಕಣವ್ವ. ಅಳಿಯಂಗೆ ಹಾಕು, ನೀನೂ ಉಣ್ಣು," ಎಂದು ಡಬ್ಬಿ ಕೊಟ್ಟು, ಒಳಗೂ ಬರದೆ ಹೋದರು.

ಉದಕ ಅಂದರೆ ನಮ್ಮ ಕಡೆ ಮುದ್ದೆಗೆ ನೆಂಚಿಕೊಳ್ಳುವ ತಿಳಿಸಾರು. ಹುರುಳಿಯನ್ನೋ ಸೊಪ್ಪನ್ನೋ ಬೇಯಿಸಿ ಬಸಿದ ನೀರಿಗೆ ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಿಸೆಹಣ್ಣು ಅರೆದು ಕಲಸುವುದು, ಅಷ್ಟೆ. ಒಗ್ಗರಣೆಯೂ ಬೇಕಿಲ್ಲ. ಅವತ್ತು ನಾನು ಹೊಸ ಹೆಂಡತಿಯ ಹುರುಪಿನಲ್ಲಿ ಕಾಯಿ ರುಬ್ಬಿ ಬದನೆಕಾಯಿ ಹುಳಿ ಮಾಡಿದ್ದೆ. ಇವರು ಮೊದಲು ತೆರೆದದ್ದು ಡಬ್ಬಿಯನ್ನೇ. ಮುದ್ದೆ ಮುರಿದು ಉದಕದಲ್ಲಿ ಅದ್ದಿ, ತಲೆ ಎತ್ತದೆ ಉಂಡರು. ಕೊನೆಗೆ ನನ್ನ ಹುಳಿಯನ್ನೂ ಒಂದು ಸೌಟು ಹಾಕಿಸಿಕೊಂಡು, "ಚೆನ್ನಾಗೈತೆ," ಎಂದರು.

ಆ ಮಾತೇ ನನಗೆ ಚುಚ್ಚಿದ್ದು. ನನ್ನ ಅಡಿಗೆಯನ್ನು ಇವರು ದಿನಾ ಹೊಗಳುತ್ತಿದ್ದರು. ಆಕೆಯದನ್ನು ಒಮ್ಮೆಯೂ ಹೊಗಳಿದ್ದಿಲ್ಲ, ಸುಮ್ಮನೆ ಉಣ್ಣುತ್ತಿದ್ದರು.

ಡಬ್ಬಿ ದಿನ ಬಿಟ್ಟು ದಿನ ಬರತೊಡಗಿತು. ಒಂದು ದಿನ ಉದಕ, ಒಂದು ದಿನ ಹುರುಳಿಕಟ್ಟಿನ ಸಾರು, ಇನ್ನೊಂದು ದಿನ ಬರೀ ಶೇಂಗಾ ಚಟ್ನಿ. ನಾನು ಅದಕ್ಕೆ ಬೆರಳೂ ಅದ್ದಲಿಲ್ಲ. ಇವರು ಉಣ್ಣುವಾಗ ನೋಡುತ್ತ ಕೂರುತ್ತಿದ್ದೆ. ತೀರಿಹೋದವಳು ಇದೇ ಜಾಗದಲ್ಲಿ ಕೂತು ಇದನ್ನೇ ಬಡಿಸಿರಬೇಕು ಅನ್ನಿಸಿದರೆ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದೆ.

ಕೊನೆಗೊಂದು ದಿನ ಬಾಗಿಲಲ್ಲೇ ಹೇಳಿಬಿಟ್ಟೆ: "ಇನ್ನು ತರಬೇಡ್ರಿ ಅತ್ತೆ. ನಂಗೂ ಅಡಿಗೆ ಬರ್ತೈತೆ."

ಅವರು ನನ್ನ ಮುಖ ನೋಡಿದರು. ಬೇಸರವೇನೂ ಕಾಣಲಿಲ್ಲ. "ಆಗ್ಲೇಳವ್ವ," ಎಂದು ತಿರುಗಿ ಹೋದರು.

ಡಬ್ಬಿ ನಿಂತಿತು. ಇವರೂ ಯಾಕೆ ಎಂದು ಕೇಳಲಿಲ್ಲ. ಆದರೆ ಸಂಜೆ ಬಂದವರು "ಹಸಿವಿಲ್ಲ ಕಣೆ" ಎನ್ನತೊಡಗಿದರು. ಹತ್ತಿರ ಹೋದರೆ ಬೆಳ್ಳುಳ್ಳಿ ವಾಸನೆ.

ಕೊತ್ತಂಬರಿ ತರುವ ನೆಪ ಮಾಡಿಕೊಂಡು ಒಂದು ಸಂಜೆ ಹಿಂದಿನ ಓಣಿಗೆ ಹೋದೆ. ಅತ್ತೆಯ ಮನೆಯ ಬಾಗಿಲು ತೆರೆದೇ ಇತ್ತು. ಇವರು ಗೋಡೆಗೆ ಒರಗಿ ಕೂತು ಉಣ್ಣುತ್ತಿದ್ದರು. ಉಣ್ಣುವುದು ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಇನ್ನೊಂದಿತ್ತು. ಇವರು ಮಾತಾಡುತ್ತಿದ್ದರು! ಸುಟ್ಟುಹೋದ ಮೋಟಾರು ತಂದು ಜಗಳ ತೆಗೆದ ಗಿರಾಕಿಯ ಕಥೆ ಹೇಳಿ ನಗುತ್ತಿದ್ದರು. ನನ್ನ ಮನೆಯಲ್ಲಿ ಹತ್ತು ಮಾತಿಗೆ ಒಂದು ಉತ್ತರ ಕೊಡುವ ಮನುಷ್ಯ... ನಾನು ಹೊಸ್ತಿಲಲ್ಲೇ ನಿಂತೆ.

ಅತ್ತೆ ನನ್ನನ್ನು ನೋಡಿದರು. "ಬಾರವ್ವ, ಯಾಕೆ ನಿಂತೆ? ಕುಂತ್ಕ," ಎಂದರು. ಇವರು ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ತಲೆ ತಗ್ಗಿಸಿದರು.

ಜಗಳವಾಡಲೆಂದು ಹೋದವಳು ಯಾಕೆ ಕೂತೆನೋ ಗೊತ್ತಿಲ್ಲ. ಅತ್ತೆ ತಟ್ಟೆಯಿಟ್ಟು ಮುದ್ದೆ ಹಾಕಿ ಉದಕ ಬಿಟ್ಟರು. ಅದು ನನ್ನ ಮೊದಲ ತುತ್ತು. ಖಾರಕ್ಕೆ ಕಿವಿಯವರೆಗೂ ಬಿಸಿಯಾಯಿತು. ಹುಳಿ ಸ್ವಲ್ಪ ಹೆಚ್ಚೇ ಅನ್ನಿಸಿತು. ಆದರೂ ಕೈ ನಿಲ್ಲಲಿಲ್ಲ. ತಟ್ಟೆ ಬರಿದಾಗುವ ಮೊದಲೇ ಅತ್ತೆ ಮತ್ತರ್ಧ ಮುದ್ದೆ ಹಾಕಿದರು. ಕೇಳಲಿಲ್ಲ, ಹಾಕಿದರು. ನಮ್ಮ ಅತ್ತಿಗೆ ಕೆಟ್ಟವಳಲ್ಲ, ಆದರೆ ಬಡಿಸುವ ಮುಂಚೆ "ಇನ್ನೂ ಬೇಕಾ?" ಎಂದು ಕೇಳುತ್ತಿದ್ದಳು. ಹಾಗೆ ಕೇಳಿದರೆ ನಾನು ಯಾವಾಗಲೂ ಸಾಕು ಅಂದೇ ಹೇಳುತ್ತಿದ್ದದ್ದು.

ಅಂದಿನಿಂದ ನನ್ನ ಹೊಟ್ಟೆಕಿಚ್ಚು ದಿಕ್ಕು ಬದಲಿಸಿತು. ಮಧ್ಯಾಹ್ನ ಇವರು ಅಂಗಡಿಯಲ್ಲಿರುವಾಗಲೇ ಹಿಂದಿನ ಓಣಿಗೆ ಹೋಗಿ ಅತ್ತೆಯ ಜೊತೆ ಉಣ್ಣತೊಡಗಿದೆ. ಸಂಜೆ ಇವರೂ ಅಲ್ಲಿಗೆ ಬಂದರೆ, ಇಷ್ಟು ಬೇಗ ಯಾಕೆ ಬಂದರೋ ಅನ್ನಿಸುತ್ತಿತ್ತು. ಅತ್ತೆ ಅವರೆಕಾಯಿ ಬಿಡಿಸುತ್ತ ಸತ್ತ ಮಗಳ ಮಾತು ತೆಗೆದರೆ ನನಗೆ ಆಗುತ್ತಿರಲಿಲ್ಲ. "ಆಕಿಗೆ ಬೆಂದ ಕಾಳು ಕಂಡ್ರೆ ಆಗ್ತಿರ್ಲಿಲ್ಲ, ಬರೀ ತಿಳಿ ಬೇಕು," ಎನ್ನುವರು. ನಾನು ತಕ್ಷಣ, "ನಂಗೆ ಕಾಳೂ ಬೇಕು," ಎನ್ನುವೆ. ಸತ್ತವಳ ಜೊತೆಗೂ ಪೈಪೋಟಿ. ಅತ್ತೆ ನಕ್ಕು ಒಂದು ಸೌಟು ಕಾಳು ಹೆಚ್ಚಿಗೆ ಹಾಕುವರು.

ಅಷ್ಟರಲ್ಲಿ ಜವನಗೊಂಡನಹಳ್ಳಿಗೆ ಕೊಟ್ಟಿದ್ದ ಅತ್ತೆಯ ಕಿರಿಮಗಳು ಹೆತ್ತಳು. ಬಾಣಂತನಕ್ಕೆ ಹೋದ ಅತ್ತೆ ತಿಂಗಳಾದರೂ ಬರಲಿಲ್ಲ. ತಡೆಯಲಾರದೆ ನಾನೇ ಬಸ್ಸು ಹತ್ತಿ ಹೋದೆ. ಹಿತ್ತಿಲಲ್ಲಿ ಕುರಿಗಳು, ಅಂಗಳದಲ್ಲಿ ಬಿಸಿಲಿಗೆ ಒಡ್ಡಿದ ತೊಟ್ಟಿಲ ಬಟ್ಟೆ. ಅತ್ತೆ ಮಗಳಿಗೆ ಬಿಸಿ ಅನ್ನಕ್ಕೆ ಮೆಣಸಿನ ಸಾರು ಕಲಸಿ ತುತ್ತು ಕೊಡುತ್ತಿದ್ದರು. ನನಗೂ ಅದನ್ನೇ ಬಡಿಸಿದರು. ತಟ್ಟೆಗೆ ಬಡಿಸಿದರು, ಅಷ್ಟೆ. ಆ ತುತ್ತು ಹೋಗುತ್ತಿದ್ದ ಬಾಯಿಯನ್ನು ನಾನು ನೋಡದಿರಲು ಆಗಲಿಲ್ಲ.

ಹೊರಡುವಾಗ ಕೇಳಿದೆ: "ಯಾವಾಗ ಬರ್ತೀರಿ?"

"ಇದೊಂದು ಚೂರು ದೊಡ್ಡದಾಗ್ಲಿ, ಬರ್ತೀನಿ," ಎಂದು ಮಗುವಿನ ತಲೆ ಸವರಿದರು.

ಬರಲಿಲ್ಲ. ಮಗು ಶಾಲೆಗೆ ಸೇರಿದ ವರ್ಷ ಅತ್ತೆ ಅಲ್ಲೇ ಹೋದರು. ಸಂಜೆ ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ.

ಮಣ್ಣಿಗೆ ಹೋದೆವು. ಅಳಿಯ ಬಂದ, ಅಳಿಯ ಬಂದ ಎಂದು ಇವರನ್ನು ಎಲ್ಲರೂ ತಬ್ಬಿಕೊಂಡು ಅತ್ತರು. ನನ್ನ ಪಕ್ಕ ಕೂತಿದ್ದ ಮುದುಕಿಯೊಬ್ಬಳು, "ನೀನೇನಾಗ್ಬೇಕವ್ವ ಅವ್ರಿಗೆ?" ಎಂದು ಕೇಳಿದಳು. ಅವತ್ತು ಇವರ ಮೇಲೂ ಹೊಟ್ಟೆಕಿಚ್ಚಾಯಿತು.

ಎಲ್ಲ ಮುಗಿದ ಮೇಲೆ ಹಿತ್ತಿಲಲ್ಲಿ ಕಾಲು ತೊಳೆಯುತ್ತಿದ್ದಾಗ ಕಿರಿಮಗಳು ಬಂದು ಎದುರು ನಿಂತಳು. ಅತ್ತು ಮುಖ ಊದಿತ್ತು.

"ಅಕ್ಕ ಸತ್ತಾಗ್ಲೇ ಬಾ ಅಂತ ಕರ್ದೆ ಅವ್ವನ್ನ. ಅಳಿಯಂಗೆ ಯಾರೂ ಇಲ್ಲ ಅಂದ್ಲು. ಸರಿ ಅಂದ್ಕಂಡೆ. ನೀನು ಬಂದ್ಮೇಲಾದ್ರೂ ಬರ್ತಾಳೆ ಅಂತ ಕಾದೆ. ಆ ಹುಡುಗಿಗೆ ತಾಯಿಲ್ಲ ಕಣೆ ಅಂದ್ಲು. ನಂಗೆ ಇದ್ದೂ ಎಲ್ಲಿತ್ತು? ಹೆರಿಗೆ ಆಗೋಗಂಟ ಕಾಯಬೇಕಾಯ್ತು ನಾನು. ನನ್ನ ಪಾಲಿಂದೂ ನೀನೇ ಉಂಡೆ."

ಸಾವಿನ ಮನೆಯಲ್ಲಿ ಹೇಳಬಾರದ ಮಾತು, ಆದರೆ ಒಳಗೊಳಗೇ ನನಗೆ ಸಂತೋಷವಾಯಿತು. ತಾಯಿ ಹಂಚಿಹೋದಳಲ್ಲ ಎಂದು ಅಕ್ಕತಂಗಿಯರು ಪಡುವ ಹೊಟ್ಟೆಕಿಚ್ಚನ್ನು ಅವಳು ಇಷ್ಟು ವರ್ಷ ನನ್ನ ಮೇಲೆ ಪಟ್ಟಿದ್ದಳು. ಅವಳ ಕೈ ಹಿಡಿದುಕೊಂಡೆ. ಕೊಡವಿದಳು. ಮತ್ತೆ ಹಿಡಿದುಕೊಂಡೆ, ಆಮೇಲೆ ಬಿಡಿಸಿಕೊಳ್ಳಲಿಲ್ಲ.

ಈಗ ಯುಗಾದಿಗೆ, ದೀಪಾವಳಿಗೆ ಅವಳದೇ ಫೋನ್ ಬರುತ್ತದೆ. ಕ್ಷೇಮ ಸಮಾಚಾರ ಮುಗಿದ ಮೇಲೆ ಮಾತು ಅವ್ವನ ಕಡೆಗೇ ತಿರುಗುತ್ತದೆ. ನನಗೆ ಹೀಗೆ ಮಾಡಿ ಹಾಕಿದ್ದಳು ಎಂದು ಅವಳು, ನನಗೆ ಹಾಗೆ ಎಂದು ನಾನು. ಇಬ್ಬರಲ್ಲಿ ಒಬ್ಬರೂ ಸೋಲುವುದಿಲ್ಲ. ಯಾವುದು ನಿಜ, ಯಾವುದು ನಾವು ಸೇರಿಸಿಕೊಂಡದ್ದು ಎಂದು ಹೇಳಬಲ್ಲವಳು ಇಲ್ಲವಲ್ಲ... ಫೋನ್ ಇಟ್ಟ ಮೇಲೆ ಒಲೆ ಹಚ್ಚಲು ಸ್ವಲ್ಪ ಹೊತ್ತು ಬೇಕಾಗುತ್ತದೆ ನನಗೆ.