ಬೇಗ ತೆಗೆದ ಬಾಗಿಲು

ಅದಕ್ಕೇ ಹೇಳುತ್ತಿದ್ದೆ, ಆ ತಾರಿಖ್‌ನನ್ನು ಬೈಯಬೇಡಿ ಅಂತ. ಬಟವಾಡಿ ಕಡೆಯ ಹಳೇ ಟಾಕೀಸಿನಲ್ಲಿ ಟಿಕೆಟ್ ಹರಿದು, ಟಾರ್ಚ್ ಬಿಟ್ಟು ಸೀಟು ತೋರಿಸುವವನು. ಸಿನಿಮಾ ಮುಗಿದು ಪರದೆ ಮೇಲೆ ಹೆಸರುಗಳು ಓಡುತ್ತಿದ್ದರೂ ಅವನು ಬಾಗಿಲು ತೆಗೆಯುವುದಿಲ್ಲ. ಜನ ಗೊಣಗುತ್ತಾರೆ, ಮ್ಯಾನೇಜರ್ ಸಂಗಮೇಶ್ ರೇಗುತ್ತಾರೆ. ಅವನು ಚಿಲಕ ಹಿಡಿದು ನಿಂತೇ ಇರುತ್ತಾನೆ.

ಮೊದಲು ಹೀಗಿರಲಿಲ್ಲ. ಕಥೆ ಮುಗಿಯುತ್ತಿದ್ದ ಹಾಗೇ ಪಕ್ಕದ ಬಾಗಿಲು ತೆಗೆದು, ಲೈಟು ಹಾಕಿ, ಮುಂದಿನ ಆಟಕ್ಕೆ ಹಾಲ್ ಗುಡಿಸುವುದರಲ್ಲಿ ಅವನಷ್ಟು ಚುರುಕಿನವರು ಯಾರೂ ಇರಲಿಲ್ಲ.

ಒಂದು ಗುರುವಾರ ಮ್ಯಾಟಿನಿಗೆ ಗುಬ್ಬಿಯಿಂದ ಕಲ್ಲಮ್ಮ ಬಂದರು. ಮಗ ಮುತ್ತುರಾಜ್ ಶೂಟಿಂಗ್‌ನಲ್ಲಿ ಲೈಟು ಹೊರುವ ಕೆಲಸದವನು. ಆ ಸಿನಿಮಾದಲ್ಲಿ ಮೊದಲ ಸಲ ಅವನ ಹೆಸರು ಹಾಕಿದ್ದರು, ಅದೂ ಕಟ್ಟಕಡೆಗೆ. ಕಲ್ಲಮ್ಮನಿಗೆ ಓದು ಬಾರದು. ಸೀಟು ತೋರಿಸಿದ ತಾರಿಖ್‌ನನ್ನೇ ಕೇಳಿಕೊಂಡರು.

"ನಮ್ಮುಡ್ಗನ ಹೆಸ್ರು ಯಾವ್ದು ಅಂತ ಬೆಟ್ಟು ಮಾಡಿ ತೋರ್ಸಪ್ಪ, ಸಾಕು."

"ಟಾರ್ಚೇ ಬಿಡ್ತೀನಿ ಕಣಮ್ಮ. ಆರಾಮಾಗಿ ಕೂತ್ಕಳಿ."

ಇಂಟರ್‌ವಲ್ ಗಲಾಟೆಯಲ್ಲಿ ಅವನಿಗೆ ಅದು ಮರೆತೇಹೋಯಿತು. ಕಡೇ ಸೀನ್ ಮುಗಿಯಿತು, ಕೈ ತಾನಾಗಿಯೇ ಚಿಲಕಕ್ಕೆ ಹೋಯಿತು. ಬಿಸಿಲು ಒಳಗೆ ನುಗ್ಗಿ ಪರದೆ ಬೆಳ್ಳಗಾಯಿತು, ಜನರೆಲ್ಲ ಎದ್ದು ನಿಂತರು. ನೆನಪಾಗಿ ಅವನು ಓಡಿಬರುವಷ್ಟರಲ್ಲಿ ಹೆಸರುಗಳು ಹೋಗಿಬಿಟ್ಟಿದ್ದವು. ಕಲ್ಲಮ್ಮ ಕೂತೇ ಇದ್ದರು.

"ನೀ ಬತ್ತೀಯ ಅಂತ ನಿನ್ನೇ ನೋಡ್ತಾ ಕೂತಿದ್ನಪ್ಪ. ಪರದೆ ಕಡೆ ನೋಡ್ಲೇ ಇಲ್ಲ. ಓಗ್ಲಿ ಬುಡು."

ಬೈದಿದ್ದರೆ ಚೆನ್ನಾಗಿತ್ತು ಅನ್ನುತ್ತಾನೆ ಅವನು. ಸಂಜೆ ಆಟಕ್ಕೆ ಇರಿ ಅಂತ ಕೈ ಹಿಡಿದು ಕೇಳಿದ. ಊರಿಗೆ ಬಸ್ಸು ತಪ್ಪುತ್ತೆ ಅಂದರು. ಮಾರನೇ ದಿನ ಬೇರೆ ಸಿನಿಮಾ ಬಂತು. ಮುಂದೆ ಮೊಬೈಲಲ್ಲೇ ಬರುತ್ತಲ್ಲ ಅಂತ ಸಂಗಮೇಶ್ ಸಮಾಧಾನ ಹೇಳಿದರು. ಮಗನ ಹೆಸರನ್ನು ಗೋಡೆಯಷ್ಟು ದೊಡ್ಡದಾಗಿ ನೋಡಲು ಬಂದಿದ್ದ ತಾಯಿಗೆ ಮೊಬೈಲು ಸಾಕೇ?

ರಜೆಯ ದಿನ ತಾರಿಖ್ ಗುಬ್ಬಿಗೆ ಹೋದ. ಕಲ್ಲಮ್ಮ ಕಾಫಿ ಕೊಟ್ಟರು, ಆ ಮಾತೇ ಎತ್ತಲಿಲ್ಲ. ಮುತ್ತುರಾಜ್‌ನ ಹೆಸರು ಮತ್ತೆ ಬಂದ ದಿನ ತಾನೇ ಬಂದು ಕರೆದೊಯ್ಯುತ್ತೇನೆ ಅಂತ ಹೇಳಿ ಎದ್ದುಬಂದ. ಅಂದಿನಿಂದ ಪ್ರತಿ ಸಿನಿಮಾದ ಕೊನೆಯಲ್ಲೂ ಹುಡುಕುತ್ತಿದ್ದಾನೆ. ಲೈಟಿನವರ ಹೆಸರುಗಳು ಚಿಕ್ಕವು, ಓಡುವುದು ಜೋರು. ಇನ್ನೂ ಸಿಕ್ಕಿಲ್ಲ.

ನೀವೊಮ್ಮೆ ಹೋಗಿ ಅವನನ್ನು ಮಾತಾಡಿಸಿ. ಸಿನಿಮಾ ಮುಗಿದರೂ ಏಳಬೇಡಿ, ಅವನ ಜೊತೆ ನೀವೂ ಓದಿ. ಆ ಹೆಸರು ನಿಮಗೆ ಮೊದಲು ಕಂಡರೆ ಅವನಿಗೆ ಹೇಳಿ.