ಅಮ್ಮನ ಮುಂದೆ ನಿಂತ ಜೀಪು

ನಮ್ಮ ಜೀಪಿನ ಬ್ರೇಕನ್ನು ಮೂರು ಸಲ ತುಳಿಯಬೇಕಿತ್ತು. ಮೊದಲ ತುಳಿತಕ್ಕೆ ಏನೂ ಆಗುತ್ತಿರಲಿಲ್ಲ. ಎರಡನೆಯದಕ್ಕೆ ಗಾಡಿಗೆ ವಿಷಯ ತಿಳಿಯುತ್ತಿತ್ತು. ಮೂರನೆಯದಕ್ಕೆ ಮನಸ್ಸಿದ್ದರೆ ನಿಲ್ಲುತ್ತಿತ್ತು. ಅಪ್ಪ ಮಿಲಿಟರಿ ಹರಾಜಿನಲ್ಲಿ ತಂದ ಹಳೆಯ ಫೋರ್ ವೀಲ್ ಡ್ರೈವ್ ಅದು, ನಾಲ್ಕು ಚಕ್ರಕ್ಕೂ ಹಳೇ ಕಾಲದ ಡ್ರಮ್ ಬ್ರೇಕು. ಆ ಮೂರು ತುಳಿತದ ವಿದ್ಯೆ ಕರಗತವಾಗಿದ್ದದ್ದು ಅಪ್ಪನಿಗೆ ಮಾತ್ರ. ಹಾಗಾಗಿ ಸ್ಟೀರಿಂಗನ್ನು ಇನ್ನೊಬ್ಬರ ಕೈಗೆ ಕೊಟ್ಟವರೇ ಅಲ್ಲ, ಅದರ ಬಗ್ಗೆ ಅವರಿಗೆ ವಿಪರೀತ ಜಂಬವೂ ಇತ್ತು.

ತೊಂಬತ್ತೆಂಟರಲ್ಲಿ ಒಂದು ಸಂಜೆ ಹಲಸೂರಿನ ಮಾರ್ಕೆಟ್ ಹತ್ತಿರ ಮೂರನೆಯ ತುಳಿತಕ್ಕೆ ಜಾಗ ಸಾಲಲಿಲ್ಲ. ಜೀಪು ಹೋಗಿ ಟೊಮೆಟೊ ಗಾಡಿಗೆ ಗುದ್ದಿತು. ಗಾಡಿಯಮ್ಮ ತಮಿಳಿನಲ್ಲಿ ನಮ್ಮ ಏಳು ತಲೆಮಾರನ್ನೂ ಜಾಲಾಡಿದಳು. ಅಪ್ಪನ ಪಕ್ಕದಲ್ಲಿದ್ದ ಅಮ್ಮ ಇಳಿದು ಟೊಮೆಟೊ ಆರಿಸಿಕೊಟ್ಟು, ಬಸ್ಸು ಹತ್ತಿ ಕೆ.ಆರ್. ಪುರದ ಕಾಲೊನಿಯ ಮನೆಗೆ ಒಬ್ಬಳೇ ಹೋದಳು. ನಾವು ಮನೆ ಸೇರುವಷ್ಟರಲ್ಲಿ ತೀರ್ಪು ತಯಾರಾಗಿತ್ತು.

"ಜೀಪು ಕೊಡ್ತೀರಾ ಅಂತ ಕೇಳ್ತಿದ್ರಲ್ಲ, ಆ ಬಾಣಸವಾಡಿ ಕಂಟ್ರಾಕ್ಟರ್‌ಗೆ ಫೋನ್ ಮಾಡಿದೆ ಕಣ್ರೀ. ಮುಂದಿನ ಭಾನುವಾರ ಬಂದು ಜೀಪು ತಗೊಂಡು ಹೋಗ್ತಾರೆ."

ಅಪ್ಪ ಊಟ ಬಿಟ್ಟು ಎದ್ದರು. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದಿದ್ದ ಸಂಭ್ರಮ ಅದೊಂದೇ.

"ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿಸ್ತೀವಮ್ಮ. ಒಂದೇ ಸಲ ತುಳಿದ್ರೆ ನಿಲ್ಲುತ್ತೆ," ಅಂದೆ.

"ಭಾನುವಾರ ನಾನು ರೋಡಲ್ಲಿ ನಿಂತ್ಕೋತೀನಿ. ನನ್ನ ಮುಂದೆ ನಿಲ್ಸಿ ತೋರ್ಸಿ, ಆಮೇಲೆ ನೋಡೋಣ."

ನಾನು ವಿಮಾ ಕಚೇರಿಗೆ ಒಂದು ವಾರ ರಜೆ ಹಾಕಿದೆ. ಅಪ್ಪನೂ ನಾನೂ ಶಿವಾಜಿನಗರದ ಗುಜರಿಯಲ್ಲಿ ಎರಡು ದಿನ ಅಲೆದು, ಮುರಿದು ಹಾಕಿದ ಹೊಸ ಮಾದರಿಯ ಜೀಪಿನ ಎರಡು ಡಿಸ್ಕನ್ನೂ ಎರಡು ಕ್ಯಾಲಿಪರನ್ನೂ ಹುಡುಕಿದೆವು. ಬಿಸಿ ಪಾತ್ರೆಯನ್ನು ಇಕ್ಕಳ ಹಿಡಿದ ಹಾಗೆ ಕ್ಯಾಲಿಪರ್ ಚಕ್ರದ ಜೊತೆ ತಿರುಗುವ ಡಿಸ್ಕಿನ ತಟ್ಟೆಯನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುತ್ತದೆ. ಜೊತೆಗೆ ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಒಂದು. ಎಲ್ಲವನ್ನೂ ಗೋಣಿಚೀಲದಲ್ಲಿ ಹೊತ್ತು ಹಲಸೂರಿನ ಮೆಕ್ಯಾನಿಕ್ ಭಾಯ್ ಅವರ ಶೆಡ್ಡಿಗೆ ತಂದಾಗ ನಮಗೆ ನಿಧಿ ಸಿಕ್ಕಷ್ಟು ಖುಷಿ.

ಶುಕ್ರವಾರ ಭಾಯ್ ನಮಾಜಿಗೆ ಹೋಗಿ ಬರುವುದರೊಳಗೆ ಅಪ್ಪ ತಾವೇ ಎರಡೂ ಕ್ಯಾಲಿಪರ್ ಬಿಗಿದು ಮುಗಿಸಿದ್ದರು. ಶನಿವಾರ ಬ್ರೇಕ್ ಎಣ್ಣೆಯ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವ ಕೆಲಸ, ಗಾಳಿ ಉಳಿದರೆ ಪೆಡಲ್ ಮೆತ್ತಗಾಗಿ ಬ್ರೇಕ್ ಹಿಡಿಯುವುದಿಲ್ಲ. ನಾನು ಸೀಟಿನಲ್ಲಿ ಕೂತು ಪೆಡಲ್ ಅಮುಕುವುದು, ಭಾಯ್ ಕೆಳಗೆ ಮಲಗಿ ತಿರುಪು ಸಡಿಲಿಸುವುದು. ಮಧ್ಯಾಹ್ನವಾದರೂ ಪೆಡಲ್ ಮೆತ್ತಗೇ ಇತ್ತು. ತುಳಿದು ತುಳಿದು ನನಗೆ ಸಾಕಾಗಿತ್ತು, ಭಾನುವಾರದ ಭಯ ಬೇರೆ. ಕೊನೆಗೆ ಭಾಯ್ ಆಚೆ ಬಂದು ಎರಡೂ ಚಕ್ರಗಳನ್ನು ನೋಡಿದರು.

"ಯಾರು ಸಾರ್ ಇದು ಫಿಟ್ ಮಾಡಿದ್ದು?"

"ನಾನೇ!" ಅಂದರು ಅಪ್ಪ, ಎದೆಯುಬ್ಬಿಸಿ.

"ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕ್ಬಿಟ್ಟಿದೀರ! ಗಾಳಿ ಬಿಡೋ ತೂತು ಅಡಿಗೆ ಬಂದೈತೆ. ಗಾಳಿ ಇರೋದು ಮೇಲೆ. ಹೆಂಗೆ ಆಚೆ ಬರ್ತೈತೆ ಸಾರ್?"

ಮೂವರೂ ನಕ್ಕಿದ್ದು ನಕ್ಕಿದ್ದೇ. ಅದಲು ಬದಲು ಮಾಡಿ ಮತ್ತೆ ಗಾಳಿ ತೆಗೆದ ಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. ಭಾಯ್ ಅವರೇ ಓಡಿಸಿ ನೋಡಿ, ಅವರೇ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದರು. "ಮೆತ್ತಗೆ ತುಳೀರಿ ಸಾರ್, ಮುಟ್ಟಿದ್ರೆ ಸಾಕು," ಅಂದರು. "ಗೊತ್ತು ಬಿಡಪ್ಪಾ," ಅಂದರು ಅಪ್ಪ.

ಭಾನುವಾರ ಬೆಳಿಗ್ಗೆ ಕಂಟ್ರಾಕ್ಟರ್ ಸ್ಕೂಟರಿನಲ್ಲಿ ಬಂದಿಳಿದರು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಯ ನಟ್ಟನಡುವೆ ನಿಂತಳು. ಕಾಲೊನಿಯವರೆಲ್ಲ ಕಾಂಪೌಂಡಿನ ಬಳಿ ಸೇರಿದರು. ಅಪ್ಪನ ಪಕ್ಕ ನಾನು ಜೀವ ಬಿಗಿಹಿಡಿದು ಕೂತೆ.

ಜೀಪು ವೇಗವಾಗಿ ಹೋಯಿತು. ಎಷ್ಟೆಂದರೂ ವರ್ಷಗಟ್ಟಲೆ ಪಳಗಿದ ಕಾಲು, ಅಮ್ಮ ಇನ್ನೂ ದೂರವಿರುವಾಗಲೇ ಒಂದು ಸಲ ಭಾರಿಯಾಗಿ ತುಳಿಯಿತು. ಗಾಡಿಯ ಮೂತಿ ನೆಲಕ್ಕೆ ಬಾಗಿತು. ಕಾಲು ಬಿಟ್ಟಾಗ ಎದ್ದಿತು. ಎರಡನೆಯ ತುಳಿತ, ಮತ್ತೆ ಬಾಗಿತು. ಅಪ್ಪನ ಕನ್ನಡಕ ಹಾರಿ ನನ್ನ ಮಡಿಲಿಗೆ ಬಿತ್ತು. ಮೂರನೆಯದಕ್ಕೆ ಜೀಪು ಪೂರಾ ತಲೆಬಾಗಿ ನಿಂತೇ ಬಿಟ್ಟಿತು. ಅಮ್ಮ ಇನ್ನೂ ಮೂರು ಮನೆ ಆಚೆ ಇದ್ದಳು.

"ಅಯ್ಯೋ, ಮೂರು ಸಲ ನಮಸ್ಕಾರ ಮಾಡ್ತಲ್ರೀ!" ಎಂದು ಎದುರುಮನೆಯವರು ಕೂಗಿದರು. ಅಮ್ಮ ನಗಲು ಶುರುಮಾಡಿದಳು, ನಿಲ್ಲಲಾಗದೆ ಯಾರದೋ ಜಗಲಿಯ ಮೇಲೆ ಕುಸಿದಳು. ಕಣ್ಣೊರೆಸಿಕೊಂಡು ಕಂಟ್ರಾಕ್ಟರಿಗೆ, "ಕಾಫಿ ಕುಡ್ಕೊಂಡು ಹೋಗಿ. ಗಾಡಿ ಕೊಡಲ್ಲ," ಅಂದಳು. ನಾನು ಕೂತಲ್ಲೇ ಖುಷಿಗೆ ಕಿರುಚಿದೆ. ಅಪ್ಪನ ಕಣ್ಣಲ್ಲಿ ನೀರಿತ್ತು.

ಅಮ್ಮ ಮಾತ್ರ ಕಾಫಿಗೆ ಒಳಗೆ ಹೋಗಲಿಲ್ಲ. ನೇರ ಅಪ್ಪನ ಕಡೆಗೆ ಬಂದಳು.

"ರೀ, ಇಳೀರಿ."

"ಯಾಕೆ?"

"ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತು ನಿಲ್ಸಿ, ನಿಲ್ಸಿ ಅಂತ ಬಡ್ಕೊಂಡಿದ್ದಾಯ್ತು. ಈಗ ಯಾರು ತುಳಿದ್ರೂ ನಿಲ್ಲುತ್ತಲ್ಲ?"

ಅಪ್ಪ ನನ್ನ ಮುಖ ನೋಡಿದರು. ನಾನು ಕನ್ನಡಕ ಅವರ ಕೈಗಿಟ್ಟು ಹಿಂದಿನ ಸೀಟಿಗೆ ಜಿಗಿದೆ. ಜೀಪು ಉಳಿದಿತ್ತು, ಅಪ್ಪನ ಜಾಗ ಹೋಗಿತ್ತು. ಅವರು ಇಳಿದು, ಸುತ್ತು ಹಾಕಿ ಬಂದು, ಪಕ್ಕದಲ್ಲಿ ಕೂತರು. ಅಮ್ಮ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಕೇಳಿದಳು: "ಸರಿ, ಇದನ್ನ ಸ್ಟಾರ್ಟ್ ಮಾಡೋದು ಹೇಗೆ ಹೇಳಿಕೊಡಿ."